ಕಣ್ಣಿನ ವೈದ್ಯ ಯಾವ ವರ್ಗ?

ಬಹಳ ಹಿಂದೆ, ಸಮಿತಿಗಳಿಗೆ ಇನ್ನೂ ಉಪಸಮಿತಿಗಳು ಹುಟ್ಟದ ಕಾಲದಲ್ಲಿ, ಸೂಕ್ಷ್ಮಪುರಿ ಎಂಬ ರಾಜ್ಯವಿತ್ತು. ಅಲ್ಲಿಯ ದೊರೆ ವಿವೇಚನವರ್ಮನಿಗೆ ಮೋಸ ಕಂಡರೆ ಸಿಟ್ಟು ಬರುತ್ತಿತ್ತು ಅಂದುಕೊಳ್ಳಬೇಡಿ. ಮೋಸಗಾರರನ್ನೆಲ್ಲ ಒಂದೇ ಹೆಸರಿನಿಂದ ಕರೆದರೆ ಮಾತ್ರ ಮೈ ಉರಿಯುತ್ತಿತ್ತು. ಹಾಗಾಗಿ ಶಾಸನ ಹೊರಟಿತು: ಕೆಟ್ಟ ಸರಕು ಮಾರುವವನು ವಂಚಕ, ಇಲ್ಲದ ವಿದ್ಯೆ ತೋರಿಸುವವನು ಸೋಗಲಾಡಿ, ಸಿಹಿಮಾತಿನಿಂದ ಮರುಳು ಮಾಡುವವನು ಠಕ್ಕ, ಇನ್ನೊಬ್ಬರಂತೆ ನಟಿಸುವವನು ವೇಷಧಾರಿ. ದೂರು ಕೊಡುವವರು ವರ್ಗವನ್ನು ಸರಿಯಾಗಿ ನಮೂದಿಸಬೇಕು. ತಪ್ಪಿದರೆ ದೂರೇ ಸುಳ್ಳು.

ನೇಕಾರರ ಹೊನ್ನವ್ವ ಆಸ್ಥಾನಕ್ಕೆ ಬಂದದ್ದು ಮಂಗಳವಾರ. ರಾಜಮುದ್ರೆ ಪಡೆದ ಕಣ್ಣಿನ ವೈದ್ಯ ಜಂಬುನಾಥ ಹಾಕಿದ ಹನಿಯಿಂದ ಅವಳ ಗಂಡನ ಬಲಗಣ್ಣು ಹೋಗಿತ್ತು. ಗುರುವಾರ ಎಡಗಣ್ಣಿಗೂ ಹಾಕುತ್ತೇನೆ, ಒಪ್ಪದಿದ್ದರೆ ಸಿಪಾಯಿಗಳು ಬರುತ್ತಾರೆ ಎಂದು ವೈದ್ಯ ಹೇಳಿಕಳಿಸಿದ್ದ. ಚಿಕಿತ್ಸೆ ಅರ್ಧಕ್ಕೆ ನಿಂತರೆ ದೊರೆಯ ಉಚಿತ ಕಣ್ಣಿನ ಹನಿ ಯೋಜನೆಯ ಪ್ರಗತಿ ವರದಿ ಕೆಡುತ್ತದಂತೆ.

ವಿಂಗಡಣಾ ಮಂತ್ರಿ ಪದ್ಮಗರ್ಭ ಗಂಟಲು ಸರಿಮಾಡಿಕೊಂಡು, ಆಪಾದಿತ ಯಾವ ವರ್ಗ ಎಂದು ಕೇಳಿದ.

"ಹೆಸ್ರು ಏನರ ಇಟ್ಕೋರಿ ಧಣೇರ. ಇನ್ನೊಂದ ಕಣ್ಣ ಉಳಿಸ್ಕೊಡ್ರಿ, ಅಷ್ಟ ಸಾಕು," ಎಂದಳು ಹೊನ್ನವ್ವ.

ಸಭೆಗೆ ಇದು ತೀರಾ ಒರಟಾಗಿ ಕಂಡಿತು. ಪಂಡಿತರು ಚರ್ಚೆಗಿಳಿದರು. ಹನಿಯೂ ಸರಕೇ, ಆದ್ದರಿಂದ ವಂಚಕ ಎಂದ ಒಬ್ಬ. ಪುಕ್ಕಟೆ ಹಾಕಿದ್ದಾನೆ, ಮಾರಿಲ್ಲವಲ್ಲ ಎಂದ ಇನ್ನೊಬ್ಬ. ಸೋಗಲಾಡಿ ಎಂದುಬಿಟ್ಟರೆ ಮುದ್ರೆ ಒತ್ತಿದ ದೊರೆಯ ಮರ್ಯಾದೆ ಏನಾಗಬೇಕು? ಬುಧವಾರ ಊಟದ ವಿರಾಮದ ನಂತರವೂ ಒಮ್ಮತ ಮೂಡಲಿಲ್ಲ. ಇಷ್ಟು ಓದಿದ ತಲೆಗಳಲ್ಲಿ ಒಂದಕ್ಕಾದರೂ ಆ ಹನಿಯ ಸೀಸೆ ತರಿಸಿ ಮೂಸಿ ನೋಡೋಣ ಅನ್ನಿಸಲಿಲ್ಲ, ಥೂ!

ಗುರುವಾರ ಬೇರೆ ದಾರಿ ಕಾಣದೆ ಜಂಬುನಾಥನನ್ನೇ ಕರೆಸಿ ಅಭಿಪ್ರಾಯ ಕೇಳಿದರು.

"ಮಹಾಪ್ರಭು, ನಾಲ್ಕೂ ವರ್ಗಗಳಲ್ಲಿ ನನಗೆ ಅಲ್ಪಸ್ವಲ್ಪ ಅನುಭವವಿದೆ. ತಮ್ಮಷ್ಟು ಸೂಕ್ಷ್ಮಬುದ್ಧಿ ಮಾತ್ರ ಇಲ್ಲ," ಎಂದು ಅವನು ಕೈಮುಗಿದ.

ದೊರೆಯ ಕಣ್ಣು ತುಂಬಿ ಬಂತು. ಅಲ್ಲೇ ಶಾಲು ಹೊದಿಸಿ ಅವನನ್ನು ಮೋಸಗಾರರ ವರ್ಗೀಕರಣ ಪ್ರಾಧಿಕಾರದ ಅಧ್ಯಕ್ಷನನ್ನಾಗಿ ಮಾಡಿದ. ಅಧ್ಯಕ್ಷರ ಮೊದಲ ಆದೇಶ ಮಧ್ಯಾಹ್ನವೇ ಹೊರಬಿತ್ತು. ದೂರು ಕೊಡುವವರೆಲ್ಲ ಕಣ್ಣಿದ್ದವರೇ ಎಂದು ಅಂಕಿಅಂಶಗಳಿಂದ ತಿಳಿದುಬಂದಿರುವುದರಿಂದ ಸಮಸ್ತ ಪ್ರಜೆಗಳಿಗೂ ಹನಿ ಕಡ್ಡಾಯ.

ವರ್ಗ ಹೇಳದ ಹೊನ್ನವ್ವ ಸುಳ್ಳುಗಾರ್ತಿ ಎಂಬುದಕ್ಕೆ ಮಾತ್ರ ಸರ್ವಾನುಮತ ಸಿಕ್ಕಿತು. ಗಂಡನ ತಲೆಯನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು ಅವಳಿಗೆ ಕೊಟ್ಟ ಶಿಕ್ಷೆ. ಅವರ ಹಿಂದೆ ಇಡೀ ಬೀದಿ ಸಾಲಾಗಿ ನಿಂತಿತ್ತು. ಹನಿ ಬೀಳುವವರೆಗೂ ಅವನು ರೆಪ್ಪೆ ಬಡಿಯದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.