ಸದ್ದಿಲ್ಲದೆ ಬಂದ ಡುಬುಡುಬು

ಭಾನುವಾರ ಬೆಳಗ್ಗೆ ಅವಳು ದಿನಚರಿಯಲ್ಲಿ ಹೀಗೆ ಬರೆದಳು: 'ಹಳೇ ಕಾರಿನೊಳಗೇ ಕೂತು ಎಲೆಕ್ಟ್ರಿಕ್ ಕಾರಿನ ಚಿತ್ರ ನೋಡುವುದು ದ್ರೋಹವೇ? ನಿನ್ನೆ ಮತ್ತೆ ನೋಡಿದೆ. ಅದೇ ನೀಲಿಯದು. ಪುಟ ತಿರುಗಿಸುವಾಗ ಹಾರ್ನ್ ತಾನಾಗಿಯೇ ಒಂದು ಸಲ ಕೂಗಿತು. ಇವನಿಗೆ ಗೊತ್ತಾಗಿದೆ ಅಂತ ಕಾಣುತ್ತೆ.'

'ಇವನು' ಎಂದರೆ, ಸೋದರಮಾವ ಕಣ್ಣು ಮಂಜಾದ ಮೇಲೆ ಅವಳಿಗೆ ದಾಟಿಸಿದ ಐವತ್ತೈದು ವರ್ಷದ ಕಾರು. ಬೀದಿಯವರು ಇಟ್ಟ ಹೆಸರು ಡುಬುಡುಬು. ಬೆಳಗ್ಗೆ ಎಂಟಕ್ಕೆ ಅದು ಶುರುವಾಯಿತೆಂದರೆ ಕಿಟಕಿಯ ಗಾಜುಗಳು ಹಲ್ಲು ಕಡಿಯುತ್ತಿದ್ದವು, ಶೆಲ್ಫಿನ ಪಾತ್ರೆಗಳು ತಮ್ಮತಮ್ಮಲ್ಲೇ ಜಗಳಕ್ಕಿಳಿಯುತ್ತಿದ್ದವು. ಬೀದಿಯವರು ಗಡಿಯಾರ ನೋಡುವುದನ್ನೇ ಬಿಟ್ಟಿದ್ದರು.

ಅವಳೋ, ಬಾಯಿದ್ದೂ ಬಳಸದವಳು. ಪದವಿ ಮುಗಿಸಿ ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದಳು. ಪರರ ತಪ್ಪನ್ನು ಕೆಂಪು ಪೆನ್ನಿನಿಂದ ಸದ್ದಿಲ್ಲದೆ ಹಿಡಿಯುವ ಆ ಕೆಲಸ ಅವಳಿಗೆಂದೇ ಹೊಲಿದ ಅಂಗಿಯಂತಿತ್ತು. ಬಾಯಿಬಿಟ್ಟು ಮಾತ್ರ ಯಾರನ್ನೂ ತಿದ್ದಿದವಳಲ್ಲ. ಲಿಫ್ಟಿನಲ್ಲಿ ಯಾರಾದರೂ ಅವಳಿಗಾಗಿ ಮೂರರ ಬದಲು ಐದನ್ನು ಒತ್ತಿದರೆ, ಥ್ಯಾಂಕ್ಸ್ ಎಂದು ಐದರವರೆಗೂ ಹೋಗಿ ಮೆಟ್ಟಿಲಿಳಿದು ಬರುತ್ತಿದ್ದಳು.

ಅಂದು ಸಂಜೆ ಐದಕ್ಕೆ ಡುಬುಡುಬುವನ್ನು ಕೊಳ್ಳಲು ಒಬ್ಬ ಹಲ್ಲಿನ ಡಾಕ್ಟರು ಬರುವವರಿದ್ದರು. ಮಾವ 'ನಿನ್ನ ಕಾರು, ನಿನ್ನಿಷ್ಟ' ಎಂದಿದ್ದರು. ವ್ಯಾಪಾರ ಕುದುರಿದರೆ ನಾಳೆಯೇ ನೀಲಿ ಕಾರು ಬುಕ್ ಮಾಡುವುದು. ಕುದುರದಿದ್ದರೆ ಇನ್ನೆಷ್ಟು ವರ್ಷ ಚಿತ್ರ ನೋಡಬೇಕೋ! ಅದಕ್ಕೇ ಕಾರನ್ನು ದಿಬ್ಬದ ಮೇಲಿನ ಸರ್ವೀಸ್ ಸ್ಟೇಷನ್ನಿಗೆ ಒಯ್ದು ತೊಳೆಸಿದಳು, ಒರೆಸಿದಳು, ದೀಪಗಳನ್ನು ಉಜ್ಜಿ ಮದುಮಗನ ಕಣ್ಣಿನಂತೆ ಹೊಳೆಯಿಸಿದಳು. ಈ ಸಡಗರದಲ್ಲಿ ಒಂದನ್ನು ಮರೆತಳು. ಡುಬುಡುಬುವಿನ ಪೆಟ್ರೋಲ್ ಮುಳ್ಳು ಮೂರು ವರ್ಷದಿಂದ 'ಅರ್ಧ' ಎಂಬಲ್ಲೇ ಮಲಗಿತ್ತು. ದಿನಾ ಟ್ಯಾಂಕಿಗೆ ಮರದ ಸ್ಕೇಲು ಇಳಿಸಿ ಅಳೆಯಬೇಕಿತ್ತು. ಅಂದು ಸ್ಕೇಲು ಚೀಲದಲ್ಲೇ ಉಳಿಯಿತು.

ಮನೆಯ ಬೀದಿ ದಿಬ್ಬದಿಂದ ನೇರ ಕೆಳಗಿಳಿಯುತ್ತದೆ. ಬೀದಿಯ ಮೇಲ್ತುದಿಗೆ ಬಂದಾಗ ಕಾರು 'ಡುಬು... ಡು...' ಎಂದು ಸುಮ್ಮನಾಯಿತು. ಸುಮ್ಮನಾದದ್ದು ಇಂಜಿನ್ ಮಾತ್ರ, ಚಕ್ರಗಳಲ್ಲ. ಕಾರು ಬೆಕ್ಕಿನ ಹಾಗೆ ಇಳಿಜಾರಿಗೆ ಬಿತ್ತು.

ಬೀದಿಯ ನಡುವೆ ಟೈಲರ್ ಆಂಟಿ ಕೊರಳಲ್ಲಿ ಟೇಪು ಹಾಕಿಕೊಂಡು, ಕತ್ತೆತ್ತಿ, ಬಾಲ್ಕನಿಯಲ್ಲಿದ್ದ ಮೇಷ್ಟ್ರ ಜೊತೆ ಹರಟುತ್ತಿದ್ದರು. ಬೇಕಾದಾಗ ಹಾರ್ನ್ ಕೂಗಲಿಲ್ಲ. ಅವಳು ಬ್ರೇಕಿನ ಮೇಲೆ ನಿಂತೇ ಬಿಟ್ಟಳು. ಆಂಟಿಗೆ ಗೇಣು ದೂರದಲ್ಲಿ ಕಾರು ನಿಂತಿತು.

"ಅಯ್ಯಯ್ಯೋ! ಎಲ್ಲಿಂದ ಉದುರಿತೇ ಇದು? ಸದ್ದೇ ಇಲ್ವಲ್ಲೇ!"

ಮೇಷ್ಟ್ರು ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಕನ್ನಡಕ ಏರಿಸಿಕೊಂಡು ಬಾಲ್ಕನಿಯಿಂದಲೇ ತೀರ್ಪು ಕೊಟ್ಟರು. "ಸದ್ದಿಲ್ಲ, ಹೊಗೆಯಿಲ್ಲ. ಇನ್ನೇನು ಹೇಳ್ಬೇಕು? ಹುಡುಗಿ ಇಂಜಿನ್ ಕಿತ್ತು ಬ್ಯಾಟರಿ ಹಾಕ್ಸಿದ್ದಾಳೆ!"

"ಅಲ್ಲ ಮೇಷ್ಟ್ರೇ, ಅದೂ..."

"ಅದರಲ್ಲಿ ನಾಚ್ಕೊಳ್ಳೋದೇನಮ್ಮ? ಈಗ ಎಲ್ರೂ ಹಾಕಿಸ್ತಾರೆ."

"ತಡಿಯೇ, ನಾನೂ ಕೂತ್ಕೋತೀನಿ," ಎಂದು ಆಂಟಿ ಹತ್ತಿಯೇ ಬಿಟ್ಟರು. ಅವಳು ಬ್ರೇಕು ಬಿಟ್ಟದ್ದೇ ಕಾರು ಮತ್ತೆ ಕೆಳಕ್ಕೆ ಜಾರಿತು. "ಆಹಾ, ಎಂಥಾ ನಯ! ಮೊನ್ನೆ ಇದರಲ್ಲಿ ಕೂತಾಗ ನನ್ನ ಕಟ್ಟಿಸಿದ ಹಲ್ಲು ಬ್ಲೌಸಿನೊಳಗೆ ಬಿದ್ದಿತ್ತು, ನೆನಪಿದ್ಯಾ?"

ಅವಳ ಮನೆಯಿದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ಎದುರಾದರು. ಆ ಮನುಷ್ಯ ಹಟ ಹಿಡಿದು ನೆಲಮಾಳಿಗೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಿ ವರ್ಷವಾಗಿತ್ತು. ಒಂದೇ ಒಂದು ಗಾಡಿಯೂ ಅದರ ಹತ್ತಿರ ಸುಳಿದಿರಲಿಲ್ಲ. ಪ್ರತಿ ಸಭೆಯಲ್ಲೂ ಸದಸ್ಯರು ಅವರನ್ನು ಬಟ್ಟೆಯಂತೆ ಹಿಂಡುತ್ತಿದ್ದರು. ಆಂಟಿಯ ಬಾಯಿಂದ ಸುದ್ದಿ ಬಿದ್ದದ್ದೇ ತಡ, ಅವರು ಗೇಟನ್ನು ಅಗಲಕ್ಕೆ ತೆರೆದರು.

"ಅಮ್ಮಾ, ನನ್ನ ಮಾನ ಉಳಿಸಿದೆ. ಬಿಡು ಒಳಗೆ! ಇವತ್ತೇ ಉದ್ಘಾಟನೆ!"

"ಸಾರ್, ನಿಜ ಹೇಳ್ಬೇಕೂಂದ್ರೆ..."

"ಭಾಷಣ ಎಲ್ಲಾ ಆಮೇಲೆ. ಮೊದಲು ಗಾಡಿ!"

ಡುಬುಡುಬು ನೆಲಮಾಳಿಗೆಯ ಇಳಿಜಾರಿನಲ್ಲಿ ಗಂಭೀರವಾಗಿ ಉರುಳಿ ಪಾಯಿಂಟಿನ ಮುಂದೆ ನಿಂತಿತು. ಆಂಟಿ ಲಂಗದ ಅಂಚಿಗೆಂದು ಇಟ್ಟಿದ್ದ ಕೆಂಪು ರಿಬ್ಬನ್ ತಂದು ಕಟ್ಟಿದರು, ಕಾರ್ಯದರ್ಶಿಗಳು ಆಂಟಿಯ ಕತ್ತರಿಯಿಂದಲೇ ಕತ್ತರಿಸಿದರು. ಪ್ಲಗ್ ಮಾತ್ರ ಎಲ್ಲೂ ಹಿಡಿಯಲಿಲ್ಲ. "ಫೋಟೋಗೆ ಅಷ್ಟೇ," ಎಂದು ಅದನ್ನು ನಂಬರ್ ಪ್ಲೇಟಿನ ಹಿಂದೆ ಸಿಕ್ಕಿಸಿದರು. ಗೋಡೆಯ ಪೆಟ್ಟಿಗೆಯಲ್ಲಿ ವರ್ಷದಿಂದಲೂ ಸುಮ್ಮನೆ ಮಿನುಗುತ್ತಿದ್ದ ಹಸಿರು ದೀಪ ಆಗಲೂ ಮಿನುಗಿತು.

"ನೋಡಿ! ಹೀರ್ತಾ ಇದೆ!" ಎಂದು ಅಷ್ಟರಲ್ಲಿ ಬಾಲ್ಕನಿಯಿಂದ ಇಳಿದು ಬಂದಿದ್ದ ಮೇಷ್ಟ್ರು ಕುಣಿದರು.

ಆಮೇಲೆ ಎಲ್ಲರಿಗೂ ಒಂದೊಂದು ಸುತ್ತು ಬೇಕಾಯಿತು. ಅವಳು ಬೆವರುತ್ತಾ, "ಓಡಿಸೋಕಾಗಲ್ಲ, ಯಾಕೇಂದ್ರೆ..." ಎಂದಳು.

"ಯಾಕೇಂದ್ರೆ ಚಾರ್ಜ್ ಖಾಲಿಯಾಗುತ್ತೆ, ಗೊತ್ತು ಬಿಡು!" ಎಂದರು ಮೇಷ್ಟ್ರು. "ಮೇಲಕ್ಕೆ ನಾವೇ ತಳ್ಳೋಣ. ಕೆಳಗೆ ಬರುವಾಗ ಬ್ರೇಕ್ ಹಿಡಿದ್ರೆ ಚಾರ್ಜ್ ಉಲ್ಟಾ ತುಂಬ್ಕೊಳ್ಳುತ್ತೆ."

ಹೀಗೆ ಮಧ್ಯಾಹ್ನವೆಲ್ಲ ಐದು ಮಹಡಿಯ ಸಂಸಾರಗಳು ಡುಬುಡುಬುವನ್ನು ಏದುಸಿರು ಬಿಡುತ್ತಾ ಗೇಟಿನವರೆಗೆ ತಳ್ಳುವುದು, ಸರದಿಯ ಮೇಲೆ ಕೂತು 'ಹೋ' ಎಂದು ಜಾರಿ ಬರುವುದು. ಮುಟ್ಟಿದರೆ ಬೆನ್ನು ನೋವೆನ್ನುತ್ತಿದ್ದ ಮೇಷ್ಟ್ರು ಹನ್ನೊಂದು ಸಲ ತಳ್ಳಿದರು. "ಪೆಟ್ರೋಲಿನ ಖರ್ಚೇ ಇಲ್ಲ!" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅವಳು ಸ್ಟೀರಿಂಗ್ ಹಿಡಿದು, ಪ್ರತಿ ಸಲವೂ 'ಈ ಸುತ್ತು ಮುಗಿದ ಮೇಲೆ ಹೇಳ್ತೀನಿ' ಎಂದುಕೊಂಡಳು.

ಸರಿಯಾಗಿ ಐದಕ್ಕೆ ಗೇಟಿನಲ್ಲಿ ಇನ್ನೊಂದು ಕಾರು ಸದ್ದಿಲ್ಲದೆ ಬಂದು ನಿಂತಿತು. ಎಲೆಕ್ಟ್ರಿಕ್. ನೀಲಿ. ಅದೇ! ಒಳಗಿಂದ ಇಳಿದವರು ಹಲ್ಲಿನ ಡಾಕ್ಟರು.

"ಕ್ಷಮಿಸಮ್ಮ, ಬೇಡ ಅಂತ ಹೇಳೋಕೇ ಬಂದೆ," ಎಂದರು ತಲೆ ತಗ್ಗಿಸಿ. "ನಮ್ಮನೆಯವಳು, 'ಹೊಗೆ ಬಿಡೋ ಗಾಡಿ ಗೇಟಿನೊಳಗೆ ಬಂದ್ರೆ ನಾನು ಗೇಟಿನಾಚೆ' ಅಂದ್ಬಿಟ್ಟಳು."

"ಹೊಗೆ ಎಲ್ಲಿದೆ ಡಾಕ್ಟ್ರೇ?" ಎಂದು ಆಂಟಿ ನುಗ್ಗಿದರು. "ಇದು ಎಲೆಕ್ಟ್ರಿಕ್ಕು! ಬನ್ನಿ ಕೂತ್ಕೊಳ್ಳಿ!"

ಅವಳು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರನ್ನು ಕೂರಿಸಿ ಒಂದು ಸುತ್ತು ಜಾರಿಸಿಯೂ ಆಗಿತ್ತು. ಇಳಿದಾಗ ಅವರ ಕಣ್ಣು ಒದ್ದೆ.

"ಇದೇ ಸೀಟು, ಇದೇ ವಾಸನೆ, ನಮ್ಮಪ್ಪನ ಕಾರಿದ್ದ ಹಾಗೇ ಇದೆ. ಹೊಗೆಯೊಂದಿಲ್ಲ! ನನ್ನದನ್ನ ನೋಡಿ, ಸೋಪಿನ ಡಬ್ಬಿ. ತಗೊಂಡು ಎರಡು ತಿಂಗಳಾಯ್ತು, ಮನಸ್ಸೇ ಅಂಟಲಿಲ್ಲ. ಅದಲುಬದಲು ಮಾಡ್ಕೊಳ್ಳೋಣ್ವಾ? ಇದು ನನಗೆ, ಅದು ನಿಮಗೆ. ಒಂದು ಪೈಸೆ ಮಾತು ಬೇಡ."

ಹೇಳಿದ್ದೇ ನೀಲಿ ಕಾರಿನ ಕೀಯನ್ನು ಅವಳ ಅಂಗೈಯಲ್ಲಿಟ್ಟರು.

ಬೆಳಗ್ಗಿನಿಂದ ಅವಳಿಗೆ ಒಂದು ವಾಕ್ಯ ಮುಗಿಸಲು ಬಿಡದವರೆಲ್ಲ ಈಗ ಉಸಿರು ಬಿಗಿಹಿಡಿದು ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಮಾಡಬೇಕಾದದ್ದು ಇಷ್ಟೇ: ಸುಮ್ಮನಿರುವುದು. ಇಪ್ಪತ್ತಮೂರು ವರ್ಷದಿಂದ ಅಭ್ಯಾಸ ಮಾಡಿಕೊಂಡು ಬಂದ ವಿದ್ಯೆ. ಕೀ ಅಂಗೈಯಲ್ಲಿ ತಣ್ಣಗೆ, ಮುದ್ದಾಗಿ ಕೂತಿತ್ತು.

ಆದರೆ 'ಅಚ್ಚಿಗೆ ಕಳಿಸಬಹುದು' ಎಂದು ಸಹಿ ಹಾಕುವ ಗಳಿಗೆಯಲ್ಲಿ ಕಣ್ಣೆದುರು ತಪ್ಪು ಕಂಡರೆ ಅವಳ ಕಿವಿ ಬಿಸಿಯಾಗುತ್ತಿತ್ತು. ಈಗ ಎರಡೂ ಕಿವಿ ಕೆಂಡವಾಗಿದ್ದವು. ಕೀಯನ್ನು ಒಮ್ಮೆ ಬಿಗಿಯಾಗಿ ಹಿಡಿದು, ಡಾಕ್ಟರ ಜೇಬಿಗೇ ತಿರುಗಿ ಹಾಕಿದಳು. ಬಾಯಿ ತೆರೆದಳು. ಡುಬುಡುಬು ಆ ದಿನವೆಲ್ಲ ಮಾಡಬೇಕಿದ್ದ ಸದ್ದು ಅವಳ ಗಂಟಲಿನಿಂದ ಒಟ್ಟಿಗೇ ಹೊರಬಿತ್ತು.

"ಡಾಕ್ಟ್ರೇ, ಇದಕ್ಕೆ ಕರೆಂಟಿಲ್ಲ! ಪೆಟ್ರೋಲೂ ಇಲ್ಲ!"