ಚೆಕ್ ಮಾಡಿ ಹೇಳ್ತೇನಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರೂರಿನ ನಡುವೆ ಬಸ್ಸಿನ ಕಂಬಿ ಹಿಡಿದು ಓಡಾಡಿದವನಿಗೆ ನಗಲಿಕ್ಕೆ ಬೇರೆ ಏನೂ ಬೇಕಾಗೋದಿಲ್ಲ. ಮಂದಿ ಮಾತಾಡುತ್ತಿರುತ್ತಾರೆ, ಕಿವಿ ತೆರೆದಿದ್ದರೆ ಸಾಕು. ನಾನು ಸಾಲೆಯಲ್ಲಿ ಏಳನೇ ಇಯತ್ತೆಗೆ ಹೋಗಿ ಎಂಟು ದಿನದಲ್ಲಿ ಹೊರಗೆ ಬಂದವನು. ನನ್ನ ಇಂಗ್ಲಿಷ್ ಎಲ್ಲ ಸಂತೆಯಲ್ಲಿ ಕಲಿತದ್ದು. ಅದರಲ್ಲಿ ಬಾಯಿಗೆ ಬಂದ ಮೊದಲನೇ ಮಾತು ‘ಚೆಕ್ ಮಾಡು’.

ಹಿಂದೆ ನಮ್ಮ ಕಡೆ ಅಕ್ಕಿ ಮೂಸುತ್ತಿದ್ದರು, ಕೊಡ ಬಾರಿಸುತ್ತಿದ್ದರು, ಜ್ವರ ಬಂದರೆ ಹಣೆ ಮುಟ್ಟುತ್ತಿದ್ದರು, ಅಳಿಯನಾಗುವವನ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತಿದ್ದರು. ನಾನು ದುಡಿಯಲಿಕ್ಕೆ ಹತ್ತುವ ಹೊತ್ತಿಗೆ ಇಷ್ಟಕ್ಕೂ ಒಂದೇ ಮಾತಾಗಿತ್ತು. ಹಾಲು ಕೆಟ್ಟೈತೇನು ಚೆಕ್ ಮಾಡು. ಅಮಾಸಿ ಎಂದೈತಿ ಚೆಕ್ ಮಾಡು. ಅಜ್ಜ ಎದ್ದಾನೇನು ಚೆಕ್ ಮಾಡು. ಈ ಮಾತಿನಲ್ಲಿ ಒಂದು ಸುಖ ಇದೆ. ನೋಡಿದವನು ತಪ್ಪಬಹುದು, ಚೆಕ್ ಮಾಡಿದವನು ತಪ್ಪುವುದಿಲ್ಲ. ತಪ್ಪಿದ್ದರೆ ಅದು ಹಾಲಿನದು.

ನನಗೆ ಮಾತ್ರ ಆ ವರ್ಷ ಈ ಮಾತು ಸುಖ ಕೊಡಲಿಲ್ಲ. ತೊಂಬತ್ತನೇ ಇಸವಿಯ ಆಜೂಬಾಜು. ಹಾವೇರಿಯಲ್ಲಿದ್ದ ನಮ್ಮಕ್ಕ ಅಗಡಿಯ ಒಂದು ಹುಡುಗಿಯನ್ನು ನನಗಾಗಿ ನೋಡಿದ್ದಳು. ಆಕೆ ತನ್ನ ಸೋದರತ್ತೆಯ ಜೊತೆ ಅಕ್ಕನ ಮನೆಗೆ ಬಂದಾಗ ಒಂದೇ ಪ್ರಶ್ನೆ ಕೇಳಿದಳು: “ಈ ವಾರ ಯಾವ ಊರಾಗ ಇರ್ತೀರಿ?” ಅಷ್ಟಕ್ಕೇ ನನಗೆ ಬೇರೆ ಹುಡುಗಿ ಬೇಡವಾಯಿತು. ಅವರಪ್ಪ ನನ್ನನ್ನು ನೋಡಿರಲಿಲ್ಲ, ನಾನೂ ಅವರನ್ನು ನೋಡಿರಲಿಲ್ಲ. ಅವರು ಅಕ್ಕನಿಗೆ ಹೇಳಿ ಕಳಿಸಿದ್ದು ಇಷ್ಟು: “ಹುಡುಗ ನಿಂತಲ್ಲಿ ನಿಲ್ಲಂಗಿಲ್ಲಂತ. ಯುಗಾದಿತನಕ ಒಂದ ಕೆಲಸದಾಗ ಇದ್ದು ತೋರಸ್ಲಿ. ನಾನ ಬಂದು ಚೆಕ್ ಮಾಡ್ತೇನಿ.”

ಸಂಕ್ರಾಂತಿ ಮುಗಿದು ವಾರವಾಗಿತ್ತು. ಎರಡು ತಿಂಗಳ ಮಾತು, ಏನು ಮಹಾ ಅಂದುಕೊಂಡು ಬ್ಯಾಡಗಿ ಬಸ್ಸು ಹತ್ತಿದೆ.

ಎರಡು ಬೊಗಸೆ

ಬ್ಯಾಡಗಿಯಲ್ಲಿ ಒಂದು ದಲಾಲಿ ಅಂಗಡಿ. ನನ್ನ ಕೆಲಸ ಮೆಣಸಿನಕಾಯಿ ರಾಶಿಯ ಪಕ್ಕ ಕೂಡುವುದು. ಸೇರಿಕೊಂಡ ದಿನವೇ ಸಾಹುಕಾರರು ಹೇಳಿದ್ದರು: “ಯಾರರೆ ಚೆಕ್ ಮಾಡ್ತೇನಿ ಅಂದ್ರ ಇಲ್ಲ ಅನಬ್ಯಾಡ. ಅಂಗಡಿ ಹೆಸರು ಕೆಡತೈತಿ.”

ಬಂದವರು ಕಾಯಿ ಮುರಿಯುತ್ತಿದ್ದರು, ಬೀಜ ನೋಡುತ್ತಿದ್ದರು, ಅಂಗೈಗೆ ತಿಕ್ಕಿ ಬಣ್ಣ ನೋಡುತ್ತಿದ್ದರು, ಮೂಸಿ ಎರಡು ಸಲ ಸೀನಿ ಮುಂದಿನ ರಾಶಿಗೆ ಹೋಗುತ್ತಿದ್ದರು. ಅವರಲ್ಲಿ ಬಿಳೇ ಧೋತರದ ಒಬ್ಬ ಅಜ್ಜ. ದಿನಾ ಮುಂಜಾನೆ ಬಂದು ಎರಡು ಬೊಗಸೆ ಎತ್ತಿ, “ಇಲ್ಲಿ ಬೆಳಕ ಕಡಿಮಿ” ಅನ್ನುತ್ತಿದ್ದರು. ಬಿಸಿಲಿಗೆ ಹೋಗುತ್ತಿದ್ದರು. ಅಲ್ಲಿಂದ ಕಾಯಿ ಹೆಗಲ ಮೇಲಿನ ವಸ್ತ್ರದಲ್ಲಿ ಗಂಟಾಗುತ್ತಿತ್ತು. “ಮನ್ಯಾಗ ಚೆಕ್ ಮಾಡಿ ಹೇಳ್ತೇನಿ ತಮ್ಮಾ.”

ಹತ್ತನೇ ದಿನ ನಾನು ಆ ಗಂಟು ಹಿಡಿದುಕೊಂಡೆ. ಸಾಹುಕಾರರು ಗದ್ದಿಗೆ ಬಿಟ್ಟು ಓಡಿ ಬಂದರು. ಆ ಅಜ್ಜ ಅವರ ಮಾವನವರಂತೆ. ಮಧ್ಯಾಹ್ನದ ಊಟಕ್ಕಿಂತ ಮೊದಲೇ ನನ್ನ ಚೀಲ ನನ್ನ ಕೈಗೆ ಬಂತು.

ಹೋಗುವಾಗ ಅಜ್ಜನನ್ನು ಕೇಳಿದೆ: “ಖರೇ ಹೇಳ್ರಿ, ಒಂದ ದಿನರೆ ತಗೊಳ್ಳೋ ವಿಚಾರ ಇತ್ತೇನು?”

“ತಗೊಳ್ಳಾಕ ಏನ ಉಳದೈತಿ ತಮ್ಮಾ,” ಅಂದರು ಅಜ್ಜ, “ಚೆಕ್ ಮಾಡಿದ್ದರಾಗನ ವರ್ಸದ ಖಾರ ಆತು.”

ಎದ್ಯಾಗ ಏನೈತಿ

ರಾಣೆಬೆನ್ನೂರಿನಲ್ಲಿ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಪಾಳಿ ಚೀಟಿ ಕೊಡುವ ಕೆಲಸ ಸಿಕ್ಕಿತು. ಡಾಕ್ಟರು ಎಂದೂ ನಗದ ಮನುಷ್ಯ. ದವಾಖಾನೆಯಲ್ಲಿ ಮತ್ತಾರೂ ನಗಬಾರದು ಅಂತ ಅವರ ಕಾನೂನು.

ದೇವರಗುಡ್ಡದ ಕಡೆಯ ಗಂಡ ಹೆಂಡತಿ ಬಂದರು. ಗಂಡನಿಗೆ ಕೆಮ್ಮು. ಮನುಷ್ಯ ಮಾತೇ ಆಡವಲ್ಲ, ಕೇಳಿದ್ದಕ್ಕೆಲ್ಲ ಹೆಂಡತಿಯೇ ಉತ್ತರ. ಡಾಕ್ಟರು ಅವನ ಅಂಗಿ ಬಿಚ್ಚಿಸಿ ಎದೆಗೆ ಕೊಳವೆ ಹಚ್ಚಿದರು. ಆಕೆ ಹತ್ತಿರ ಬಗ್ಗಿ ನಿಂತಳು.

“ಚೊಲೊತ್ನ್ಯಾಗ ಚೆಕ್ ಮಾಡ್ರಿ ಸಾಹೇಬ್ರ. ಎದ್ಯಾಗ ಏನೈತಿ ಅಂತ ನನಗೂ ಹೇಳ್ರಿ. ಮೂವತ್ತು ವರ್ಸ ಆತು, ನನಗಂತೂ ಏನೂ ಸಿಕ್ಕಿಲ್ಲ.”

ನಾನು ನಕ್ಕುಬಿಟ್ಟೆ. ಅಲ್ಲಿ ಇದ್ದದ್ದು ಒಟ್ಟು ಆರು ದಿನ.

ಒಂದು ಎರಡು ಮೂರು

ಅದೇ ಊರಿನ ಒಬ್ಬ ಮೈಕಿನವನು ಕರೆದ. ಲಗ್ನದ ಹಂಗಾಮು, ಕೈಗೆ ಜನ ಬೇಕಿತ್ತು. “ಮೈಕಿನ ಮುಂದ ಕುಂದ್ರು, ಯಾರಿಗೂ ಕೊಡಬ್ಯಾಡ,” ಅಂದ. ಲಗ್ನದ ಹಂದರದಲ್ಲಿ ಮಂತ್ರ ಹೇಳುವ ಅಯ್ನೋರು ಅಕ್ಷತೆ ಹಿಡಿದು ಕೂತಿದ್ದರು. ಮುಹೂರ್ತಕ್ಕೆ ಇನ್ನೂ ಅರ್ಧ ತಾಸು ಇತ್ತು.

ಹುಡುಗಿಯ ಸೋದರಮಾವ ಬಂದ. “ಒಮ್ಮೆ ಚೆಕ್ ಮಾಡ್ತೇನಿ ತಾ ಇಲ್ಲೆ.” ಲಗ್ನದ ಮನೆಯ ಮಾವನಿಗೆ ಇಲ್ಲ ಅನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ಕೊಟ್ಟೆ. ಆತ “ಹಲೋ ಹಲೋ, ಒಂದು ಎರಡು ಮೂರು” ಅಂದು ಮೀಸೆ ತಿದ್ದಿಕೊಂಡು ಹೋದ.

ಕೂಡಲೇ ಗಂಡಿನ ಕಡೆಯ ಕಾಕಾ ಬಂದ. “ಹೆಣ್ಣಿನ ಕಡಿಯವರು ಚೆಕ್ ಮಾಡಿದ ಮ್ಯಾಲೆ ನಮ್ಮ ಕಡಿಯಿಂದಾನೂ ಆಗಬೇಕು.” ಆತ ಹತ್ತರ ತನಕ ಎಣಿಸಿದ. ಹೆಣ್ಣಿನ ಕಡೆಯವರು ಸುಮ್ಮನಿರುತ್ತಾರೆಯೇ? ಮಾವ ತಿರುಗಿ ಬಂದು ಇಪ್ಪತ್ತಕ್ಕೆ ಮುಟ್ಟಿಸಿದ. ಗಂಡಿನ ಕಡೆಯಿಂದ ಒಬ್ಬ ಮಾಸ್ತರರನ್ನು ಹುಡುಕಿ ತಂದರು. ಅವರು ಹದಿಮೂರರ ಮಗ್ಗಿ ಹೇಳಿದರು. “ಮುಹೂರ್ತ ಮೀರಾಕತ್ತೈತಿ” ಅಂತ ಅಯ್ನೋರು ಕೂಗುತ್ತಿದ್ದರು. ಅವರ ಕೈಯಲ್ಲಿ ಮೈಕು ಇರಲಿಲ್ಲ, ಯಾರಿಗೂ ಕೇಳಿಸಲಿಲ್ಲ.

ಅಕ್ಷತೆ ಬಿದ್ದಾಗ ಮುಹೂರ್ತ ದಾಟಿ ಕಾಲು ತಾಸಾಗಿತ್ತು. ಎರಡೂ ಕಡೆಯವರು ಒಂದಾಗಿ ಒಪ್ಪಿದ ಒಂದೇ ಮಾತೆಂದರೆ ತಪ್ಪು ನನ್ನದು. ಮೈಕಿನವನು ನನ್ನ ಕೈಯಿಂದ ವಯರು ಕಸಿದುಕೊಂಡ. ನಾನು ಚಪ್ಪಲಿ ಹುಡುಕುತ್ತಿದ್ದಾಗ ಕಂಬಕ್ಕೆ ಒರಗಿದ್ದ ಒಬ್ಬ ಮುದುಕಿ ನನ್ನನ್ನು ಕರೆದು ಸಮಾಧಾನ ಹೇಳಿದಳು.

“ನಿಂದೇನ ತಪ್ಪೈತೋ ಯಪ್ಪಾ. ಇವರು ಮುಂಜಾನಿಯಿಂದ ಹಲೋ ಹಲೋ ಅಂತ ಒದರಾಕತ್ತಾರ, ಆ ಕಡಿಂದ ಒಬ್ಬರೂ ಓ ಅನ್ನವಲ್ರು.”

ಹಲ್ಲು

ಮತ್ತೆ ಕೆಲಸ ಸಿಗದೆ ತಿರುಗುವಷ್ಟರಲ್ಲಿ ಯುಗಾದಿಗೆ ಹನ್ನೆರಡು ದಿನ ಉಳಿದಿತ್ತು. “ಹುಡುಗಿ ಅಪ್ಪ ಇವತ್ತ ನಾಳೆ ಬರ್ತಾರ. ಒಂದ ಕಡೆ ನಿಲ್ಲೋ, ನಿನ್ನ ಕಾಲಿಗೆ ಬೀಳ್ತೇನಿ,” ಅಂದಳು ಅಕ್ಕ. ಹಾವೇರಿ ದನದ ಸಂತೆಯ ಒಬ್ಬ ದಲಾಲಿಯ ಕೈಕೆಳಗೆ ಸೇರಿಕೊಂಡೆ. ಗುರುವಾರ ಒಂದು ಬಿಳೇ ಎತ್ತಿನ ಹಗ್ಗ ಹಿಡಿದು ನಿಂತಿದ್ದೆ. ಕೆಲಸಕ್ಕೆ ಸೇರಿ ಮೂರನೇ ದಿನ.

ಕೊಡೆ ಹಿಡಿದ ಒಬ್ಬ ಹಿರಿಯರು ಬಂದು ಎತ್ತು ಚೆಕ್ ಮಾಡಲಿಕ್ಕೆ ಹತ್ತಿದರು. ಬೆನ್ನ ಮೇಲಿನ ಇಣಿ ಒತ್ತಿದರು. ಬಾಲ ಎತ್ತಿದರು. ಬಾಯಿ ತೆರೆಸಿ ಹಲ್ಲು ಎಣಿಸಿದರು. ನಡೆಸು ಅಂದರು, ನಡೆಸಿದೆ. ನಿಲ್ಲಿಸು ಅಂದರು, ನಿಲ್ಲಿಸಿದೆ. ಕಾಲು ತಾಸಾಯಿತು.

“ಎತ್ತಿಂದ ಮುಗೀತು. ಇನ್ನೊಂದು ಚೆಕ್ ಮಾಡೂದೈತಿ,” ಅಂದರು. “ಈ ಸಂತ್ಯಾಗ ಒಬ್ಬ ಹುಡುಗ ಕೆಲಸಕ್ಕದಾನಂತ.” ಹೆಸರು ಹೇಳಿದರು. ನನ್ನದೇ. “ಅಗಡಿಯಿಂದ ಬಂದೇನಿ. ಮಗಳ್ನ ಕೊಡೋ ಮಾತೈತಿ. ನಿನಗ ಗೊತ್ತೇನು ಅವ?”

ನಾನೇ ಅಂದರೆ ಎಷ್ಟು ದಿನ ಆತು ಅಂತ ಕೇಳುತ್ತಾರೆ. ಮೂರು ದಿನ ಅಂದರೆ ಮುಗಿಯಿತು. ಬಾಯಿ ತಾನೇ ಮುಂದೆ ಹೋಯಿತು.

“ಗೊತ್ತಿಲ್ದೇನ್ರಿ. ಬಂಗಾರದಂಥಾ ಮನಿಷಾ.”

“ಕುಡಿತಾನೇನು?”

“ಚಹಾ. ಅದೂ ಅರ್ಧಾ ಕಪ್ಪು.”

“ನಿಂತಲ್ಲಿ ನಿಲ್ಲಂಗಿಲ್ಲ ಅಂತಾರ.”

“ಯಾರೋ ಆಗದವರು ಹೇಳ್ಯಾರ. ಹುಗದ ಕಲ್ಲು ಇದ್ದಂಗದಾನ್ರಿ.”

“ಈಗ ಎಲ್ಲದಾನ?”

“ನೀರ ಕುಡ್ಯಾಕ ಹೋಗ್ಯಾನ.”

ಹಿರಿಯರು ಕೊಡೆ ಮಡಚಿ ಬಗಲಲ್ಲಿ ಇಟ್ಟುಕೊಂಡರು. “ಬ್ಯಾಡಗ್ಯಾಗ ಮೆಣಸಿನಕಾಯಿ ಅಂಗಡಿಯವರ್ನ ಕೇಳಿದೆ. ರಾಣೆಬೆನ್ನೂರಾಗ ಡಾಕ್ಟರ್ನ ಕೇಳಿದೆ, ಮೈಕಿನವನ್ನ ಕೇಳಿದೆ. ಒಬ್ಬರ ಬಾಯಾಗೂ ಒಂದು ಚೊಲೊ ಮಾತು ಬರಲಿಲ್ಲ. ಮೂರೂರಾಗ ಅವನ್ನ ಹೊಗಳಿದವ ನೀ ಒಬ್ಬನ. ಅಂದಮ್ಯಾಲೆ ನೀನ ಅವ.”

ನಾನು ಎತ್ತಿನ ಮುಖ ನೋಡಿದೆ. ಅದು ಬೇರೆ ಕಡೆ ನೋಡಿತು.

“ಯಾವಾಗ ಗೊತ್ತಾತ್ರಿ?” ಅಂತ ಕೇಳಿದೆ.

“ಬಂಗಾರ ಅಂದಾಗ.”

ಅಲ್ಲಿಗೆ ನನ್ನ ಲಗ್ನದ ಮಾತು ಮುಗಿಯಿತು ಅಂತ ಹಗ್ಗ ಅವರ ಕೈಗೆ ಕೊಡಹೋದೆ. ಅವರು ತೆಗೆದುಕೊಳ್ಳಲಿಲ್ಲ. “ಎತ್ತು ನಾ ತಗೊಂಡೇನಿ. ಅಗಡಿತನಕ ನೀನ ಹೊಡಕೊಂಡು ಬಾ. ಮಗಳು ನೋಡ್ಲಿ.”

“ಎತ್ತನ್ನೇನ್ರಿ?”

“ಇಬ್ಬರ್ನೂ.”

ಅಗಡಿಯಲ್ಲಿ ಹುಡುಗಿ ಅಂಗಳಕ್ಕೆ ಬಂದಳು. ಅಪ್ಪ ಕಾಲು ತಾಸು ಚೆಕ್ ಮಾಡಿದ ಎತ್ತಿನ ತುಟಿಯನ್ನು ಒಂದು ಬೆರಳಿನಿಂದ ಎತ್ತಿ ನೋಡಿದಳು.

“ಅಪ್ಪಾ, ಹಲ್ಲು ಸವದಾವ. ಇದನ್ನ ವಾಪಸ್ ಕೊಡಾಕ ಬರತೈತೇನು?”

“ಬರತೈತಿ. ಮುಂದಿನ ಗುರುವಾರ ಸಂತಿಗೆ ಹೊಡದ್ರ ಯಾರರೆ ತಗೋತಾರ.”

ಆಕೆ ನನ್ನ ಕಡೆ ತಿರುಗಿ ಕಾಲಿನಿಂದ ತಲೆಯ ತನಕ ನೋಡಿದಳು.

“ಮತ್ತ ಇವರ್ನ?”

“ಇವನ್ನ ಮೂರೂರಾಗೂ ಚೆಕ್ ಮಾಡಿ ಬಂದೇನವಾ,” ಅಂದರು ಅಪ್ಪ, “ಯಾರೂ ತಗೊಳ್ಳಂಗಿಲ್ಲ.”

ಹುಡುಗಿ ಎತ್ತಿನ ಹಗ್ಗ ನನ್ನ ಕೈಯಿಂದ ತೆಗೆದುಕೊಂಡು ಗೂಟಕ್ಕೆ ಕಟ್ಟಿದಳು.

“ಹಂಗಾರ ಇರ್ಲಿ ಬಿಡಪಾ,” ಅಂದಳು, “ಗುರುವಾರ ಎತ್ತ ಹೊಡಕೊಂಡು ಹೋಗಾಕರೆ ಒಬ್ಬ ಬೇಕಲ್ಲ.”