ತಪ್ಪು ಮಾಡದ ತಂತಿಯಂತ್ರ

ಯಂತ್ರ ತಪ್ಪು ಮಾಡುವುದಿಲ್ಲ, ತಪ್ಪು ಮಾಡುವವನು ಅದರ ಮುಂದೆ ಕುಳಿತವನು. ಎಪ್ಪತ್ತರ ದಶಕದ ಕೊನೆಯಲ್ಲಿ ವಿಜಾಪುರದಲ್ಲಿ ಎಲ್ಲರೂ ಹೀಗೆ ನಂಬಿದ್ದರು. ಅದರ ಮುಂದೆ ಕುಳಿತವನು ನಾನು. ಆದ್ದರಿಂದ ಮುಂದೆ ಹೇಳುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇದ್ದವು. ನಾನು ಕರೆದದ್ದಿಲ್ಲ.

ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದು ಒಂದು ತಂತಿ ಕಚೇರಿ ಸೇರಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿದ್ದವರಿಗೆ ಗೊತ್ತು, ಇಲ್ಲದವರಿಗೆ ಬೇಡ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೇಲಿನಿಂದ ತಪಾಸಣೆಯ ಅಧಿಕಾರಿ ಬಂದು, ಇವನನ್ನು ಇಟ್ಟುಕೊಳ್ಳಬೇಕೋ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವವರಿದ್ದರು.

ಅಷ್ಟರಲ್ಲಿ ಹೊಸ ಟೆಲಿಪ್ರಿಂಟರ್ ಬಂತು. ಅದರಲ್ಲಿ ಒಂದು ಸಾಲು ಟೈಪು ಮಾಡಿದರೆ, ದೂರದ ದೊಡ್ಡ ಕಚೇರಿಯಲ್ಲಿದ್ದ ಗಣಕಯಂತ್ರ ಅದನ್ನು ಓದಿ, ಯಾವ ಊರಿನ ತಂತಿ ಯಾವ ದಾರಿಯಿಂದ ಹೋಗಬೇಕೆಂದು ನೆನಪಿಟ್ಟುಕೊಳ್ಳುತ್ತಿತ್ತು. ಸಾಲು ತಿಳಿದರೆ ಸುಮ್ಮನಿರುತ್ತಿತ್ತು. ತಿಳಿಯದಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಹೊಡೆಯುತ್ತಿತ್ತು. ಬೇರೆ ಮಾತಿಲ್ಲ. ಇಡೀ ಇಲಾಖೆಯಲ್ಲಿ ನನಗೆ ಹಿಡಿಸಿದ ಸಹೋದ್ಯೋಗಿ ಅದೊಂದೇ.

೧. ವಿನಂತಿ

ಯಂತ್ರಕ್ಕೆ ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದ ಮೇಲೆ ನಮ್ಮ ಸಾಹೇಬರು ಮೊದಲ ಸಾಲು ತಾವೇ ಹೊಡೆಯಲು ಕುಳಿತರು. ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ: ‘ರೂಟ್ ತಿಕೋಟಾ’ ಮತ್ತು ಒಂದು ಅಂಕಿ. ಅಷ್ಟೇ.

ಸಾಹೇಬರು ಚೀಟಿ ತಿರುಗಿಸಿ ನೋಡಿದರು.

“ಏನಿದು? ಸರಕಾರಿ ಕಚೇರಿಯಿಂದ ಹೋಗೂ ಮಾತು ಹಿಂಗಿರತೈತೇನು? ಮನಿ ಆಳಿಗೆ ಹೇಳಿದಂಗ?”

“ಆ ಕಡೆ ಯಾರೂ ಇಲ್ರಿ. ಯಂತ್ರ ಐತಿ.”

“ಯಂತ್ರ ಆದ್ರೂ ಮ್ಯಾಲಿನ ಕಚೇರಿದಲ್ಲೇನು?”

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಸಾಹೇಬರು ಒಳ್ಳೆಯ ಕಚೇರಿ ಇಂಗ್ಲಿಷಿನಲ್ಲಿ, ತಮಗೆ ವಿನಂತಿಸಿಕೊಳ್ಳುವ ಗೌರವ ನನ್ನದಾಗಿದೆ, ತಿಕೋಟಾದ ತಂತಿಗಳಿಗೆ ದಯವಿಟ್ಟು ದಾರಿ ಕಲ್ಪಿಸಬೇಕು, ತಮ್ಮ ವಿಧೇಯ ಸೇವಕ, ಎಂಬರ್ಥದಲ್ಲಿ ಸಾವಕಾಶ ಹೊಡೆದರು. ಯಂತ್ರ ಒಂದು ಕ್ಷಣ ತಡೆದು ‘?’ ಎಂದಿತು.

ಸಾಹೇಬರ ಮುಖ ಬಿಳುಪೇರಿತು. ನಮ್ಮಲ್ಲಿ ಮೇಲಿನವರು ಕಾಗದದ ಅಂಚಿನಲ್ಲಿ ಕೆಂಪು ಶಾಯಿಯಿಂದ ಈ ಚಿಹ್ನೆ ಹಾಕಿ ಕಳಿಸಿದರೆ ಸಮಜಾಯಿಷಿ ಕೊಡಬೇಕೆಂದು ಅರ್ಥ. ಅವರು ಕೊಟ್ಟರು. ತಿಕೋಟಾ ಯಾವಾಗಿನಿಂದ ನಮ್ಮ ಕೆಳಗಿದೆ, ಯಾರ ಆದೇಶದ ಮೇಲಿದೆ, ಹಿಂದಿನ ಸಾಹೇಬರು ಏನು ಮಾಡದೆ ಹೋದರು, ಎಲ್ಲವನ್ನೂ ಹೊಡೆದರು. ಪ್ರತಿ ಸಾಲಿಗೂ ಯಂತ್ರ ‘?’ ಎನ್ನುತ್ತ ಹೋಯಿತು.

ಸಾಹೇಬರು ಬೆವರು ಒರೆಸಿಕೊಂಡು ಪಿಸುಗುಟ್ಟಿದರು: “ಭಾಳ ಸಿಟ್ಟಿನ್ಯಾಗ ಅದಾರ.”

“ಯಾರ್ರಿ?”

“ಅಲ್ಲಿ ಕುಂತವ್ರು.”

ನಾನು ನನ್ನ ಚೀಟಿಯ ಸಾಲು ಹೊಡೆದೆ. ಯಂತ್ರ ಸುಮ್ಮನಾಯಿತು.

“ಏನಂದ್ರು?”

“ಏನೂ ಅನಲಿಲ್ರಿ.”

“ಮಾಫ ಮಾಡಿದ್ರು,” ಎಂದು ಸಾಹೇಬರು ಯಂತ್ರಕ್ಕೆ ಕೈ ಮುಗಿದರು. ಮರುದಿನ ನನ್ನ ಮೇಜಿನ ಮೇಲೊಂದು ಕಾಗದ ಬಂತು: ಯಂತ್ರ ಸರಿಯಾಗಿಯೇ ಇತ್ತು, ತಪ್ಪು ನನ್ನದು, ಸಹಿ. ನಾನು ಸಹಿ ಮಾಡಲಿಲ್ಲ. ಸಾಹೇಬರು ಅದನ್ನು ತಪಾಸಣೆಗೆಂದು ಜೋಪಾನವಾಗಿ ಎತ್ತಿಟ್ಟರು.

೨. ಹೂಂ ಅನ್ನದವರು

ನಮ್ಮ ಹೆಡ್ ಕ್ಲಾರ್ಕರಿಗೆ ಯಂತ್ರದ ಮೌನ ಸಹಿಸಲಾಗಲಿಲ್ಲ. ಬಬಲೇಶ್ವರದ ಸಾಲು ಹೊಡೆದ ದಿನ ಅದು ಸುಮ್ಮನಿದ್ದದ್ದು ನೋಡಿ ಸಾಹೇಬರು ಪೇಢೆ ಹಂಚಿದರು. ಹೆಡ್ ಕ್ಲಾರ್ಕರು ಮಾತ್ರ ಪೇಢೆ ಕೈಯಲ್ಲಿ ಹಿಡಿದು ನಿಂತೇ ಇದ್ದರು.

“ಹೇಳಿದ್ದಕ್ಕ ಹೂಂ ಅನಬೇಕಲ್ಲೋ ತಮ್ಮಾ. ಸುಮ್ಮನ ಕುಂತ್ರ ಕೇಳ್ಯಾರೋ ಮಲಗ್ಯಾರೋ ಹ್ಯಾಂಗ ತಿಳೀಬೇಕು?”

“ತಿಳಿಯಲಿಲ್ಲಂದ್ರ ಕೇಳತೈತ್ರಿ.”

“ಅಂದ್ರ ತಪ್ಪು ಮಾಡಿದ್ರಷ್ಟ ಮಾತಾಡತೈತಿ?”

“ಹೌದ್ರಿ.”

ಅಂದಿನಿಂದ ಅವರು ದಿನಾ ಮುಂಜಾನೆ ಬಂದವರೇ ಯಂತ್ರದ ಜೀವ ಪರೀಕ್ಷಿಸಲು ಒಂದು ತಪ್ಪು ಸಾಲು ಹೊಡೆಯುತ್ತಿದ್ದರು. ಬೇರೇನೂ ತೋಚದೆ ತಮ್ಮ ಹೆಸರನ್ನೇ ಹೊಡೆಯುತ್ತಿದ್ದರು. ಯಂತ್ರ ‘?’ ಎನ್ನುತ್ತಿತ್ತು. ಕೆಲವು ದಿನ ಅವರಿಗೆ ಸಮಾಧಾನವಾಯಿತು. ಆಮೇಲೆ ಮುಖ ಸಣ್ಣದಾಗತೊಡಗಿತು. ಒಂದು ದಿನ ಚಹಾ ಕುಡಿಯುತ್ತ ನನ್ನ ಹತ್ತಿರ ಹೇಳಿಕೊಂಡರು:

“ತಲಿ ಕೂದಲಾ ಹಣ್ಣ ಆಗೂತನಾ ನೌಕರಿ ಮಾಡೇನಿ. ದಿನಾ ಹೆಸರ ಹೇಳತೇನಿ. ಇಲಾಖೆ ಇನ್ನೂ ‘ಯಾರ ನೀ?’ ಅಂತ ಕೇಳಾಕತ್ತೈತಿ.”

೩. ಬಾಯಿಮಾತು

ತಂತಿಯಲ್ಲಿ ಹೋದ ಪ್ರತಿ ಸುದ್ದಿಯ ಒಂದು ನಕಲನ್ನು ಆಯಾ ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ತಂತಿಯಲ್ಲಿ ಬಂದದ್ದಕ್ಕೆ ಇದನ್ನು ತಾಳೆ ನೋಡಿ, ‘ತಂತಿ ಮುಟ್ಟಿತು’ ಎಂದು ಅಚ್ಚಾದ ಜಾಗದಲ್ಲಿ ಅಲ್ಲಿಯವರು ಸಹಿ ಮಾಡಿ ತಿರುಗಿ ಕಳಿಸುತ್ತಿದ್ದರು.

ಹೊಸ ಯಂತ್ರ ಬಂದ ಮೇಲೆ ಸಾಹೇಬರಿಗೆ ಇದು ಅವಮಾನ ಎನಿಸಿತು.

“ನಾಳಿಂದ ನಕಲು ಬಂದ್. ಯಂತ್ರದ ಮ್ಯಾಲ ವಿಶ್ವಾಸ ಇಲ್ಲೇನು?”

“ಇಲ್ರಿ. ನಿಯಮದಾಗ ಕಳಸಬೇಕು ಅಂತೈತಿ. ಬ್ಯಾಡಂದ್ರ ಬರದ ಕೊಡ್ರಿ.”

ಸಾಹೇಬರು ಕೈಯಲ್ಲಿದ್ದ ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡರು.

“ಬರದ ಕೊಡೂವಂಥಾ ಮಾತಾಗಿದ್ರ ಬಾಯಿಲೆ ಯಾಕ ಹೇಳ್ತಿದ್ದೆ?”

ನಕಲು ಹೋಗುತ್ತಲೇ ಇತ್ತು.

೪. ಲಿಂಬಿಹಣ್ಣು

ತಿಕೋಟಾ, ಬಬಲೇಶ್ವರದಂಥ ನಮ್ಮ ಕೆಳಗಿನ ಕಚೇರಿಗಳಿಗೂ ಇಂಥದೇ ಯಂತ್ರ ಕಳಿಸಿದ್ದರು. ತಿಕೋಟಾದ ತಂತಿ ಮಾಸ್ತರರು ಸಂತೆಯ ದಿನ ಸಿಗುವುದಿಲ್ಲ ಎಂದು ದೂರು ಬಂತು. ತಂತಿ ಬಂದಾಗ ಅವರು ಅಲ್ಲಿದ್ದು, ಮುಟ್ಟಿತು ಎಂದು ಗಣಕಯಂತ್ರಕ್ಕೆ ತಿಳಿಸುವ ಗುಂಡಿ ಒತ್ತಬೇಕಿತ್ತು; ಒತ್ತದಿದ್ದರೆ ಅದಕ್ಕಷ್ಟೇ ಗೊತ್ತು, ನಮಗೆ ಹೇಳುತ್ತಿರಲಿಲ್ಲ. ಅವರು ಮೆಣಸಿನಕಾಯಿ ಆರಿಸುತ್ತಿದ್ದರು.

ಸಾಹೇಬರು ಉಪಾಯ ಹೂಡಿದರು: “ತಿಕೋಟಾ ತಗೊಳ್ಳಲಿಲ್ಲಂದ್ರ ಬಬಲೇಶ್ವರಕ್ಕ ಹೋಗಲಿ. ಬಬಲೇಶ್ವರ ತಗೊಳ್ಳಲಿಲ್ಲಂದ್ರ ತಿಕೋಟಾಕ್ಕ ಹೋಗಲಿ. ಹೊಡಿ.”

“ಎರಡೂ ತಗೊಳ್ಳಲಿಲ್ಲಂದ್ರ?”

“ಹೊಡಿ ಅಂದ್ರ ಹೊಡೀಬೇಕು. ಯಂತ್ರಕ್ಕ ಇಲ್ಲದ ಸಂಶಯ ನಿನಗ್ಯಾಕ?”

ಹೊಡೆದೆ. ಯಂತ್ರಕ್ಕೆ ಸಂಶಯ ಬರಲಿಲ್ಲ. ಸುಮ್ಮನಿತ್ತು.

ಆ ಸಂತೆಯ ದಿನ ಊರಿನ ದಲಾಲರೊಬ್ಬರು ತಿಕೋಟಾದ ಲಿಂಬಿ ವ್ಯಾಪಾರಿಗೆ ತಂತಿ ಕೊಟ್ಟರು: ‘ಒಂದು ಲಾರಿ ಲಿಂಬಿಹಣ್ಣು ಕೂಡಲೆ ಕಳಿಸು.’ ತಿಕೋಟಾದ ಯಂತ್ರ ಅಚ್ಚು ಹಾಕಿತು, ಗುಂಡಿ ಒತ್ತುವವರಿಲ್ಲ. ತಂತಿ ಬಬಲೇಶ್ವರಕ್ಕೆ ಹೋಯಿತು, ಅಲ್ಲಿಂದಲೂ ಮುಟ್ಟಿತೆಂಬ ಮಾತಿಲ್ಲ. ಮತ್ತೆ ತಿಕೋಟಾಕ್ಕೆ ಬಂತು, ಮತ್ತೆ ಅಚ್ಚಾಯಿತು. ಮಾಸ್ತರರು ಸಂತೆ ಮುಗಿಸಿ ಬಂದಾಗ ಕಾಗದ ಮೇಜಿನಿಂದಿಳಿದು ಹೊಸ್ತಿಲು ದಾಟಿತ್ತು. ಅವರು ಅದನ್ನು ತುಂಡು ತುಂಡಾಗಿ ಹರಿದು, ಒಂದೊಂದನ್ನೂ ಮಡಚಿ, ಎಲ್ಲವನ್ನೂ ವ್ಯಾಪಾರಿಗೆ ಮುಟ್ಟಿಸಿದರು. ಆಮೇಲೆ ಕೇಳಿದರೆ, “ಬಂದ ತಂತಿ ಇಟ್ಕೊಳ್ಳಾಕ ನನಗೇನ ಅಧಿಕಾರ ಐತ್ರಿ?” ಎಂದರು.

ಲಿಂಬಿ ವ್ಯಾಪಾರಿಯನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಮರುದಿನ ಅವರು ನಮ್ಮ ಕಚೇರಿಯ ಬಾಗಿಲಿಗೆ ಬಂದರು. ಹಿಂದೆ ಲಾರಿಗಳು. ಬಾಗಿಲಿನಿಂದ ಕೊನೆಯ ಲಾರಿ ಕಾಣಲಿಲ್ಲ.

“ಸಾಹೇಬ್ರ, ಸುತ್ತ ಹಳ್ಳ್ಯಾಗ ಗಿಡದ ಮ್ಯಾಲ ಒಂದ ಕಾಯಿ ಬಿಟ್ಟಿಲ್ಲ. ದಲಾಲ ಒಂದ ಲಾರಿ ಇಳಿಸ್ಕೊಂಡು, ಉಳದದ್ದು ತಂತಿಯವರನ್ನ ಕೇಳು ಅಂದ. ಎಲ್ಲಿ ಇಳಿಸ್ಲಿ?”

“ಚಾಚಾ, ತಂತಿ ಒಂದ ಇತ್ತು,” ಎಂದರು ಸಾಹೇಬರು.

“ಒಂದs?” ಚಾಚಾ ತುಂಡುಗಳ ಕಟ್ಟನ್ನು ಮೇಜಿನ ಮೇಲಿಟ್ಟರು. “ಯಪ್ಪಾ, ಗೋಳಗುಮ್ಮಟದಾಗ ಕುಂತ ಹೊಡದೀರೇನು?”

ಆ ವರ್ಷ ನಮ್ಮ ಓಣಿಯಲ್ಲಿ ಉಪ್ಪಿನಕಾಯಿ ಹಾಕದ ಮನೆ ಇರಲಿಲ್ಲ. ಬದಲಿ ದಾರಿಯ ಸಾಲುಗಳನ್ನು ಸಾಹೇಬರು ಅಂದೇ ತೆಗೆಸಿದರು. ಯಂತ್ರಕ್ಕೆ ಯಾರದೋ ದೃಷ್ಟಿ ತಾಗಿದೆ ಎಂದು ಹೆಡ್ ಕ್ಲಾರ್ಕರು ಅದಕ್ಕೊಂದು ಲಿಂಬಿಹಣ್ಣು ಕಟ್ಟಿದರು. ಹಣ್ಣಿಗೆ ಕೊರತೆ ಇರಲಿಲ್ಲ.

ನನಗೆ ಮತ್ತೊಂದು ಕಾಗದ ಬಂತು: ತಪ್ಪು ಸಾಲು ಹೊಡೆದವನು ನಾನು, ಯಂತ್ರದ ದೋಷ ಏನೂ ಇಲ್ಲ, ಸಹಿ. ನಾನು ಅದರ ಮೇಲೆ ಚಹಾದ ಲೋಟ ಇಟ್ಟೆ.

೫. ಬಬಲೇಶ್ವರ

ಕೊನೆಗೆ ತಪಾಸಣೆಯ ಅಧಿಕಾರಿ ಬಂದರು. ಸಹಿ ಇಲ್ಲದ ಕಾಗದಗಳನ್ನು ಓದಿ ನನ್ನನ್ನು ಕರೆದರು. ಅವರದು ನೇರ ಮಾತು.

“ಲಿಂಬಿ ಕಾಗದಕ್ಕ ಸಹಿ ಮಾಡು, ತಪ್ಪಾತು ಅನ್ನು, ಕಾಯಂ ಮಾಡಿ ಹೋಗತೇನಿ. ಮಾಡಂಗಿಲ್ಲಂದ್ರ ನಾಳಿಂದ ಬರಬ್ಯಾಡ.”

“ಸಾಲು ಸಾಹೇಬ್ರು ಹೇಳಿದ್ದು, ನಾ ಹೊಡದದ್ದು. ಬಬಲೇಶ್ವರ ತಗೊಂಡಿದ್ರ ತಂತಿ ಅಲ್ಲೇ ನಿಲ್ಲತಿತ್ತು. ಅದು ಯಾಕ ತಗೊಳ್ಳಲಿಲ್ಲ ಅಂತ ಯಾರೂ ಕೇಳವಲ್ರು. ಅದನ್ನ ಕೇಳೂತನಾ ನಾ ಸಹಿ ಮಾಡಂಗಿಲ್ರಿ.”

“ನೋಡ್ರಿ, ಹಿಂಗ ವಾದಾ ಮಾಡತಾನ,” ಎಂದರು ಸಾಹೇಬರು. “ಬಬಲೇಶ್ವರದಿಂದ ಒಂದ ತಕರಾರ ಬಂದಿಲ್ಲ. ಪ್ರತಿ ತಂತಿಗೂ ಮುಟ್ಟಿತು ಅಂತ ಸಹಿ ಐತಿ. ಬೇಕಾದ್ರ ಈಗ ನೋಡಿಬಿಡೂಣು. ನೀವು ಬರೂದು ತಂತಿ ಮಾಡತೇವಿ. ಊಟಾ ಮಾಡಿ ಜೀಪಿನ್ಯಾಗ ಹೋಗೂಣು. ತಂತಿ ಮುಟ್ಟಿದ್ರ ಇವ ಅಲ್ಲೇ ಸಹಿ ಮಾಡಬೇಕು.”

ನಾನು ಒಪ್ಪಿದೆ. ಒಪ್ಪದೆ ದಾರಿ ಇರಲಿಲ್ಲ. ‘ತಪಾಸಣೆಯ ಸಾಹೇಬರು ಇಂದು ಬರುತ್ತಾರೆ’ ಎಂದು ಹೊಡೆದೆ. ಯಂತ್ರ ಸುಮ್ಮನಿತ್ತು. ನಕಲು ಎಂದಿನಂತೆ ಬಸ್‌ಸ್ಟ್ಯಾಂಡಿಗೆ ಹೋಯಿತು.

ಊಟವಾದ ಮೇಲೆ ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಸಾಹೇಬರು ರಸ್ತೆ ಬದಿಯ ಕಂಬಗಳನ್ನು ಅಧಿಕಾರಿಗೆ ತೋರಿಸುತ್ತ ಬಂದರು. “ನಮ್ಮ ಕಾಲದಾಗ ನಟ್ಟದ್ದರಿ. ಒಂದರ ಸೊಟ್ಟ ಅದ ಏನು ನೋಡ್ರಿ.” ಒಂದೂ ಸೊಟ್ಟ ಇರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕುಳಿತು, ಊರಿಗೆ ಹೋಗಿ ಅಪ್ಪನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ.

ಬಬಲೇಶ್ವರದ ಮಾಸ್ತರರು ಬಾಗಿಲಲ್ಲೇ ಮಾಲೆ ಹಿಡಿದು ನಿಂತಿದ್ದರು. ಒಳಗೆ ಕುರ್ಚಿಗಳಿಗೆ ಹೊಸ ಟವೆಲು ಹೊದಿಸಿದ್ದರು. ಬಿಸಿ ಭಜಿ ಬಂತು, ಚಹಾ ಬಂತು.

“ತಂತಿ ಬಂತಲ್ಲ, ಮಾಸ್ತರ?” ಸಾಹೇಬರ ಪ್ರಶ್ನೆಯೇ ವಿಜಯೋತ್ಸವದಂತಿತ್ತು.

“ಬಂತ್ರಿ. ಆಗs ಬಂತ್ರಿ. ಹೋಗಿ ಮಾಲಿ ತಂದೆ.”

ಸಾಹೇಬರು ಕಿಸೆಯಿಂದ ಕಾಗದ ತೆಗೆದು ನನ್ನ ಮುಂದೆ ಬಿಡಿಸಿದರು. ಅಧಿಕಾರಿ ತಮ್ಮದೇ ಪೆನ್ನು ಕೊಟ್ಟರು. “ಇನ್ನೇನು ತಮ್ಮಾ? ಮಾಡು.”

ನಾನು ಪೆನ್ನು ತೆಗೆದುಕೊಂಡೆ. ಮುಚ್ಚಳ ತೆಗೆಯಲಿಲ್ಲ.

“ಮಾಸ್ತರ, ಒಂದ ಮಾತ ಹೇಳ್ರಿ. ಅವತ್ತ ಲಿಂಬಿ ತಂತಿ ನಿಮ್ಮ ಯಂತ್ರ ಯಾಕ ತಗೊಳ್ಳಲಿಲ್ಲ?”

“ಯಾವ ಯಂತ್ರ?” ಎಂದರು ಮಾಸ್ತರರು. ಆಮೇಲೆ ನೆನಪಾಗಿ ಮೂಲೆಗೆ ಕೈ ಮಾಡಿದರು. ಅಲ್ಲೊಂದು ಕಟ್ಟಿಗೆಯ ಪೆಟ್ಟಿಗೆ, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ನೀರಿನ ಕೊಡ. “ಅದರಿ? ಭಾಳ ಜ್ವಾಕಿಲೆ ಇಟ್ಟೇನ್ರಿ. ಮಳಿ ಹೊಡದಿದ್ದಿಲ್ಲ, ಧೂಳ ಬಡದಿದ್ದಿಲ್ಲ. ನೀವ ಜಡದ ಮೊಳಿ ಹಂಗ ಅದಾವು.”

ಅಧಿಕಾರಿ ಕೈಯಲ್ಲಿದ್ದ ಭಜಿಯನ್ನು ತಟ್ಟೆಗೆ ತಿರುಗಿ ಇಟ್ಟರು.

“ಹಂಗಾದ್ರ ಇವತ್ತಿನ ತಂತಿ?” ಅಧಿಕಾರಿ ಕೇಳಿದರು.

“ಬಸ್ಸಿನ್ಯಾಗ ಬಂತ್ರಿ. ಎಲ್ಲಾ ಬಸ್ಸಿನ್ಯಾಗs ಬರತಾವು. ತಂತಿ ಮುಟ್ಟಿತು ಅಂತ ಸಹಿ ಮಾಡು ಅಂತ ಬರದಿರತಾರ, ಮಾಡಿ ಕಳಸತೇನಿ. ಸರಕಾರದವರು ಸಹಿ ಮಾಡಂದ್ರ ಯಾಕಂತ ಕೇಳಾಕ ಬರತೈತೇನ್ರಿ?”

ಸಾಹೇಬರು ನನ್ನ ಮುಂದಿದ್ದ ಕಾಗದವನ್ನು ಮಡಚಿಕೊಂಡರು. “ಯಾಕ ತಿಳಸಲಿಲ್ಲೋ ಮಾರಾಯಾ?”

“ತಂತಿ ಮಾಡಿ ತಿಳಸಬೇಕಂತ ಕಾಯಾಕತ್ತಿದ್ನಿರಿ.”

ಅಧಿಕಾರಿ ನನ್ನ ಕೈಯಿಂದ ಪೆನ್ನು ತಿರುಗಿ ತೆಗೆದುಕೊಂಡರು. ಕೊರಳಿನ ಮಾಲೆಯೊಂದಿಗೆ ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ಮೇಲೆ ನೋಡಿದರು. ನಾವೂ ಹೋಗಿ ನೋಡಿದೆವು. ಕಂಬಗಳು ನೆಟ್ಟಗೆ, ಸಾಲಾಗಿ, ವಿಜಾಪುರದ ಕಡೆ ಹೋಗಿದ್ದವು.

ವಾಯರು ಎಳೆದಿರಲಿಲ್ಲ.